ತುಲಾ ಮಳೆ ಹೋದ ಮೇಲೆ ಹಿತ್ತಿಲಿಗೆ ಮೊದಲು ಕುಮ್ಮಾಯ

ದೀಪಾವಳಿ ಹೊತ್ತಿಗೆ ಕೃಷಿಭವನದಿಂದ ಬೀಜದ ಪೊಟ್ಟಣ ಕೈಗೆ ಬಂದರೆ ಮಾರನೇ ದಿನವೇ ಬಿತ್ತಿಬಿಡುವ ಆತುರ ಎಲ್ಲರಿಗೂ. ಆದರೆ ಕಾಸರಗೋಡಿನ ಹಿತ್ತಿಲಲ್ಲಿ ತರಕಾರಿ ಕೈಕೊಡುವುದು ಹೆಚ್ಚಾಗಿ ಬೀಜದಿಂದಲ್ಲ, ಮಣ್ಣಿನಿಂದ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ಇದು. ಅಷ್ಟು ನೀರು ಮುರಕಲ್ಲು ಮಣ್ಣಿನ ಮೂಲಕ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶ್ ಎಲ್ಲ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಹುಳಿ ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದಿಟ್ಟುಕೊಳ್ಳುತ್ತವೆ. ಬೇರಿಗೆ ಸಿಗುವುದಿಲ್ಲ. ಹಟ್ಟಿಗೊಬ್ಬರ ಎಷ್ಟು ಸುರಿದರೂ ಗಿಡ ಏಳದಿರುವುದು ಇದಕ್ಕೇ.

ಆದ್ದರಿಂದ ತುಲಾ ಮಳೆ, ಅಂದರೆ ಅಕ್ಟೋಬರ್-ನವೆಂಬರ್‌ನ ಸಂಜೆಯ ಗುಡುಗು ಮಳೆ ನಿಂತು ಮಣ್ಣಿನಲ್ಲಿ ಇನ್ನೂ ತೇವ ಇರುವಾಗಲೇ ಸೆಂಟ್ಸ್‌ಗೆ 2ರಿಂದ 3 ಕಿಲೋ ಕುಮ್ಮಾಯ (ಸುಣ್ಣ) ಇಲ್ಲವೇ ಡೋಲೊಮೈಟ್ ಸುಣ್ಣದ ಪುಡಿ ಎರಚಿ, ಒಂದು ಗೇಣು ಆಳಕ್ಕೆ ಕೊಚ್ಚಿ ಬೆರೆಸಿ. ಗ್ರೋಬ್ಯಾಗ್ ಆದರೆ ಚೀಲಕ್ಕೆ ಸುಮಾರು 50 ಗ್ರಾಂ ಸಾಕು. ಕಳೆದ ವರ್ಷ ಹಳೆ ಎಲೆಗಳ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗಿತ್ತೇ? ಅದು ಮೆಗ್ನೀಸಿಯಂ ಕೊರತೆಯ ಗುರುತು. ಅಂಥಲ್ಲಿ ಡೋಲೊಮೈಟೇ ಒಳ್ಳೆಯದು, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಇವೆ. ಮಣ್ಣು ಪೂರಾ ಒಣಗಿದ ಮೇಲೆ ಹಾಕಿದ ಸುಣ್ಣ ಕೆಲಸ ಮಾಡದೆ ಬಿದ್ದಿರುತ್ತದೆ.

ಹಟ್ಟಿಗೊಬ್ಬರ ಹಾಕಲು ಇಲ್ಲಿಂದ ಎರಡು ವಾರ ಕಾಯಲೇಬೇಕು. ಸುಣ್ಣ ಮತ್ತು ಹಟ್ಟಿಗೊಬ್ಬರವನ್ನು ಒಟ್ಟಿಗೆ ಬೆರೆಸಿದರೆ ಗೊಬ್ಬರದ ಸಾರಜನಕ ಅಮೋನಿಯ ಆಗಿ ಗಾಳಿಗೆ ಹೋಗುತ್ತದೆ. ಬೆರೆಸುವಾಗ ಮೂಗಿಗೆ ಹೊಡೆಯುವ ವಾಸನೆಯೇ ಆ ನಷ್ಟ. ಒಲೆಬೂದಿಗೂ ಇದೇ ಮಾತು. ಈ ಬಿಡುವಿನಲ್ಲಿ 9 ಕಿಲೋ ಹುಡಿ ಹಟ್ಟಿಗೊಬ್ಬರ, 1 ಕಿಲೋ ಬೇವಿನ ಹಿಂಡಿ, 100 ಗ್ರಾಂ ಟ್ರೈಕೋಡರ್ಮಾ (ರೋಗದ ಬೂಸ್ಟನ್ನು ತಡೆಯುವ ಮಿತ್ರ ಶಿಲೀಂಧ್ರ) ಕಲಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ನೆರಳಲ್ಲಿಡಿ. ಹದಿನೈದನೇ ದಿನಕ್ಕೆ ಮೇಲೆ ಹಸಿರು ಬೂಸ್ಟು ಕಂಡರೆ ಸಿದ್ಧವಾಯಿತು. ಅದನ್ನು ಬುಡಗಳಿಗೆ ಕೊಡಿ. ಇಡೀ ಪಾತಿಗೆ ಸೆಂಟ್ಸ್‌ಗೆ 80ರಿಂದ 100 ಕಿಲೋ ಹಟ್ಟಿಗೊಬ್ಬರ ಬೇಕು.

ಮಳೆಗಾಲದ ಏರಿಗಳನ್ನೂ ಈಗ ಬದಲಿಸಬೇಕು. ಆಗ ನೀರು ಓಡಿಸಬೇಕಿತ್ತು, ಇನ್ನು ಹಿಡಿಯಬೇಕು. ಸಾಲು ತೋಡಿ, ಸಾಲಿನೊಳಗೆ ನೆಟ್ಟು, ಬುಡಕ್ಕೆ ತರಗೆಲೆ, ಅಡಿಕೆ ಸೋಗೆ ಹಾಸಿ.

ಹರಿವೆ ಬೀಜ ಸೆಂಟ್ಸ್‌ಗೆ 8 ಗ್ರಾಂ ಸಾಕು. ಅದಕ್ಕೆ ನಾಲ್ಕು ಪಾಲು ರವೆ ಬೆರೆಸಿ ಬಿತ್ತಿದರೆ ದಟ್ಟವಾಗುವುದಿಲ್ಲ, ಇರುವೆಗಳೂ ಬೀಜ ಬಿಟ್ಟು ರವೆಗೆ ಬೀಳುತ್ತವೆ. ಕೆಂಪು ‘ಅರುಣ್’ ಹರಿವೆಗೆ ಎಲೆಚುಕ್ಕೆ ಬೇಗ ಹಿಡಿಯುವುದರಿಂದ ನಡುವೆ ಹಸಿರು ‘ಸಿಒ-1’ ಬಿತ್ತಿ, ಎಲೆ ಮೇಲೆ ನೀರು ಹೊಯ್ಯದೆ ಬುಡಕ್ಕಷ್ಟೇ ಹೊಯ್ಯಿರಿ. ಅಲಸಂಡೆಗೆ ಧನು ತಿಂಗಳ ಚಳಿಯಲ್ಲಿ ಕಪ್ಪು ಹೇನು ಖಂಡಿತ. ಬಳ್ಳಿಯಲ್ಲಿ ಇರುವೆಗಳ ಸಾಲು ಕಂಡ ದಿನವೇ ತುದಿ ಚಿಗುರು ಮಗುಚಿ ನೋಡಿ. ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಅರೆದ ಬೆಳ್ಳುಳ್ಳಿಯ ರಸ, 5 ಗ್ರಾಂ ಬಾರ್ ಸೋಪು. ಮೊದಲು ಸೋಪನ್ನು ನೀರಲ್ಲಿ ಕರಗಿಸಿ ಆಮೇಲೆ ಎಣ್ಣೆ ಸೇರಿಸಬೇಕು. ಇಲ್ಲದಿದ್ದರೆ ಎಣ್ಣೆ ತೇಲಿ ಎಲೆ ಸುಡುತ್ತದೆ. ಸಂಜೆ, ಎಲೆಯ ಅಡಿಗೆ ಬೀಳುವಂತೆ ಸಿಂಪಡಿಸಿ.

ಹೆಚ್ಚು ಮನಸ್ಸು ನೋಯಿಸುವುದು ಬದನೆ, ಟೊಮೆಟೊ, ಮೆಣಸಿನ ಗಿಡಗಳು. ಹೂ ಬಿಟ್ಟು ಚಂದಕ್ಕೆ ನಿಂತ ಗಿಡ ಒಂದು ಮಧ್ಯಾಹ್ನ ಬಾಡುತ್ತದೆ, ಸಂಜೆ ಸರಿಯಾದಂತೆ ಕಾಣುತ್ತದೆ, ಮೂರು ನಾಲ್ಕು ದಿನಗಳಲ್ಲಿ ಎಲೆ ಹಸಿರಿರುವಾಗಲೇ ಸತ್ತುಹೋಗುತ್ತದೆ. ನೀರು ಸಾಲದೆಂದು ಮತ್ತಷ್ಟು ಹೊಯ್ಯುವವರೇ ಹೆಚ್ಚು. ಅದರ ಬದಲು ಬುಡದ ಹತ್ತಿರ ಎರಡು ಇಂಚು ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಅಲುಗಿಸದೆ ಹಿಡಿಯಿರಿ. ಕೆಲವು ನಿಮಿಷಗಳೊಳಗೆ ಕಡಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿಯಿತೇ? ಅದು ರಾಲ್‌ಸ್ಟೋನಿಯ ಬ್ಯಾಕ್ಟೀರಿಯಾದ ಸೊರಗು ರೋಗ. ಬೇರಿನಿಂದ ಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಹಾಕಿರುತ್ತದೆ, ಯಾವ ಸಿಂಪಡಣೆಗೂ ಬಗ್ಗುವುದಿಲ್ಲ. ಎಳೆ ಕಾಣದಿದ್ದರೆ ಬೇರು ಕಿತ್ತು ಗಂಟು ಇದೆಯೇ, ಗೆದ್ದಲು ತಿಂದಿದೆಯೇ ನೋಡಿ.

ರೋಗದ ಗಿಡವನ್ನು ಬುಡದ ಮಣ್ಣು ಸಮೇತ ತೆಗೆದು ಸುಡಬೇಕು, ಗೊಬ್ಬರ ಗುಂಡಿಗೆ ಖಂಡಿತ ಹಾಕಬಾರದು. ಗುಳಿಗೆ ಕುಮ್ಮಾಯ ಹಾಕಿ ಮುಚ್ಚಿ, ಅಲ್ಲಿಯ ನೀರು ಪಕ್ಕದ ಬುಡಕ್ಕೆ ಹರಿಯದಂತೆ ಮಣ್ಣು ಕಟ್ಟಿ. ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಆ ಜಾಗದಲ್ಲಿ ಮುಂದೆ ಅಲಸಂಡೆ, ಬೆಂಡೆ ಹಾಕಿ. ನೆಡುವ ಮೊದಲೇ ತಳಿ ನೋಡಿಕೊಂಡರೆ ಇನ್ನೂ ಒಳ್ಳೆಯದು. ಕೇರಳ ಕೃಷಿ ವಿಶ್ವವಿದ್ಯಾಲಯದ ಬದನೆ ‘ಸೂರ್ಯ’, ‘ಹರಿತಾ’, ಮೆಣಸು ‘ಉಜ್ವಲಾ’, ‘ಅನುಗ್ರಹ’, ಟೊಮೆಟೊ ‘ಶಕ್ತಿ’ ಈ ರೋಗ ತಡೆದುಕೊಳ್ಳುತ್ತವೆ. ಊರ ಬದನೆಯೇ ಬೇಕೆನ್ನುವವರಿಗೆ ಕುದನೆ (ಕಾಡುಬದನೆ) ಗಿಡಕ್ಕೆ ಕಟ್ಟಿದ ಕಸಿ ಇದೆ.

ಕ್ರಿಸ್ಮಸ್ ರಜೆಯಲ್ಲಿ ಮನೆಗೆ ಬೀಗ ಹಾಕಿ ಹೋಗುವವರು ತೂತು ಮಾಡಿದ ನೀರಿನ ಬಾಟಲಿಯನ್ನು ಬುಡದಲ್ಲಿ ಕವುಚಿಡುವ ಉಪಾಯ ನಂಬಬೇಡಿ. ತೂತಿಗೆ ಮಣ್ಣು ಕಟ್ಟುತ್ತದೆ, ಇಲ್ಲವೇ ಒಂದೇ ದಿನಕ್ಕೆ ಖಾಲಿ. ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಗಿಡಗಳ ನಡುವೆ ಕುತ್ತಿಗೆವರೆಗೆ ಹೂತು, ನೀರು ತುಂಬಿ, ಸೊಳ್ಳೆ ಹೋಗದಂತೆ ಬಾಯಿ ಮುಚ್ಚಿ. ಹೊರಡುವ ವಾರ ಮೊದಲೇ ಇಟ್ಟು, ದಿನಕ್ಕೆ ಎಷ್ಟು ಬೆರಳು ಇಳಿಯುತ್ತದೆಂದು ಕಡ್ಡಿ ಇಳಿಸಿ ಅಳೆದರೆ ಎಷ್ಟು ದಿನಕ್ಕೆ ಸಾಲುತ್ತದೆಂಬ ಲೆಕ್ಕ ಸಿಗುತ್ತದೆ. ತಾರಸಿಯ ಗ್ರೋಬ್ಯಾಗ್‌ಗಳನ್ನು ಒಂದಕ್ಕೊಂದು ತಾಗಿಸಿ ಮಧ್ಯಾಹ್ನದ ನೆರಳಿಗೆ ಸರಿಸಿ. ಬಲಿತ ಬೆಂಡೆ, ಅಲಸಂಡೆ ಗಿಡದಲ್ಲೇ ಬಿಟ್ಟು ಹೋಗಬೇಡಿ. ಬೀಜ ಬಲಿತರೆ ಹೊಸ ಹೂ ಕಡಿಮೆಯಾಗುತ್ತದೆ.

ಏಪ್ರಿಲ್ ನಡುವಿನ ಬಿಸು ಹಬ್ಬದ ಕಣಿಗೆ ಮನೆಯದೇ ಸೌತೆ ಬೇಕೆಂದಿದ್ದರೆ ಒಂದು ಸಾಲು ಈಗಲೇ ಖಾಲಿ ಬಿಡಿ. ಜನವರಿ ಕೊನೆಗೆ ಬೀಜ ಹಾಕಿದರೆ ಆ ಹೊತ್ತಿಗೆ ಕಾಯಿ ಹೊಂಬಣ್ಣಕ್ಕೆ ತಿರುಗಿರುತ್ತದೆ.