ಕಿಬಲ್ ಬಟ್ಟಲಿಗೆ ಹಸಿ ಚಿಕನ್ ಬೀಳುವ ಮುಂಚೆ

"ಡಾಕ್ಟ್ರೇ, ನಾಯಿಗೆ ಕಿಬಲ್ ಜೊತೆ ಹಸಿ ಮಾಂಸ ಕೊಡಬಾರದಂತೆ, ಹೌದಾ?" ಕಿಬಲ್ ಅಂದರೆ ಪ್ಯಾಕೆಟ್‌ನಲ್ಲಿ ಬರುವ ಒಣ ನಾಯಿ ಆಹಾರ. ಕ್ಲಿನಿಕ್‌ನಲ್ಲಿ ಈ ಪ್ರಶ್ನೆ ಈಗ ಲಸಿಕೆಯ ಪ್ರಶ್ನೆಗಿಂತ ಜಾಸ್ತಿ ಬರುತ್ತದೆ. ಕೇಳುವವರು ಯಾವುದೋ ವಿಡಿಯೋ ನೋಡಿಕೊಂಡೇ ಬಂದಿರುತ್ತಾರೆ. ಅದರಲ್ಲಿನ ವಾದ ಹೀಗೆ: ಹಸಿ ಮಾಂಸ ಬೇಗ ಜೀರ್ಣವಾಗುತ್ತದೆ, ಕಿಬಲ್ ನಿಧಾನ. ಎರಡೂ ಸೇರಿದರೆ ಮಾಂಸ ಕಿಬಲ್ ಹಿಂದೆ ಸಿಕ್ಕಿಹಾಕಿಕೊಂಡು ಹೊಟ್ಟೆಯಲ್ಲೇ ಕೊಳೆಯುತ್ತದೆ.

ಇದಕ್ಕೆ ಗಟ್ಟಿ ಆಧಾರ ಇಲ್ಲ. ಹೊಟ್ಟೆ ಒಳಗೆ ಬಂದದ್ದನ್ನೆಲ್ಲ ಆಮ್ಲದ ಜೊತೆ ಕಲಸುತ್ತದೆ. ನೀರಾದದ್ದನ್ನೂ ಸಣ್ಣ ಚೂರುಗಳನ್ನೂ ಮೊದಲು ಕರುಳಿಗೆ ಬಿಡುತ್ತದೆ, ದೊಡ್ಡ ಚೂರನ್ನು ಹಿಡಿದಿಟ್ಟುಕೊಂಡು ಇನ್ನಷ್ಟು ಅರೆಯುತ್ತದೆ. ನಾವು ಅನ್ನ, ಸಾರು, ಚಿಕನ್ ಒಂದೇ ಎಲೆಯಲ್ಲಿ ಉಣ್ಣುತ್ತೇವಲ್ಲ, ಯಾವುದೂ ಯಾವುದರ ಹಿಂದೆಯೂ ಸಾಲು ನಿಲ್ಲುವುದಿಲ್ಲ. ನಾಯಿಗೂ ಅಷ್ಟೇ. ಕಿಬಲ್ ತಿನ್ನುವ ನಾಯಿಯ ಹೊಟ್ಟೆಯಲ್ಲಿ ಆಮ್ಲ ಕಡಿಮೆ ಆಗಿಬಿಡುತ್ತದೆ ಎನ್ನುವ ಮಾತಿಗೂ ಒಳ್ಳೆಯ ಪುರಾವೆ ಇಲ್ಲ. ಹಸಿ ಮಾಂಸ ತಿಂದರೆ ನಾಯಿ ಕೋಪಿಷ್ಠ ಆಗುತ್ತದೆ ಅನ್ನುವುದಂತೂ ಸುಮ್ನೆ ಮಾತು.

ಇನ್ನೊಂದು ಕಡೆಯವರು ತೋಳದ ಕಥೆ ತರುತ್ತಾರೆ. ನಾಯಿ ಅಂದ್ರೆ ತೋಳ, ತೋಳಕ್ಕೆ ಯಾರು ಧಾನ್ಯ ಹಾಕಿದ್ದರು ಅಂತ. 2013ರಲ್ಲಿ ಪ್ರಕಟವಾದ ಒಂದು ಜೀನ್ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಪಿಷ್ಟ ಒಡೆಯುವ ಕಿಣ್ವದ ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಸಿಕ್ಕಿತು. ಸಾವಿರಾರು ವರ್ಷ ನಮ್ಮ ಮನೆ ಬಾಗಿಲಲ್ಲಿ ಮುದ್ದೆ, ಅನ್ನ, ರೊಟ್ಟಿ ತಿಂದ ಪ್ರಾಣಿ ಅದು. ಕಿಬಲ್‌ನಲ್ಲಿರುವ ಅಕ್ಕಿ, ಜೋಳ ಅದಕ್ಕೆ ವಿಷವಲ್ಲ.

ಹಾಗಾದರೆ ಧಾರಾಳವಾಗಿ ಕಲಸಿ ಕೊಡಬಹುದಾ? ತಾಳಿ. ಹೊಟ್ಟೆಯಲ್ಲಿ ಕಲೆಯುವುದರಿಂದ ತೊಂದರೆ ಇಲ್ಲ ಅಂದೆ, ಅಷ್ಟೇ. ಬಟ್ಟಲಲ್ಲಿ, ಅಡುಗೆಮನೆಯಲ್ಲಿ, ಚಿಕನ್ ಅಂಗಡಿಯಲ್ಲಿ ಏನಾಗುತ್ತದೆ ಅನ್ನುವುದು ಬೇರೆಯೇ ವಿಷಯ.

ಬಟ್ಟಲಿನಿಂದ ಶುರು ಮಾಡೋಣ. ಒಣ ಕಿಬಲ್‌ನಲ್ಲಿ ನೀರಿನಂಶ ಸಾಮಾನ್ಯವಾಗಿ ನೂರಕ್ಕೆ 10ರ ಆಸುಪಾಸು. ಅದಕ್ಕೇ ಬೆಳಿಗ್ಗೆ ಹಾಕಿ ಆಫೀಸಿಗೆ ಹೋದರೂ ಸಂಜೆಯವರೆಗೆ ಕೆಡುವುದಿಲ್ಲ. ನಮ್ಮಲ್ಲಿ ಬಹಳ ಮನೆಗಳಲ್ಲಿ ಇದೇ ರೂಢಿ. ಅದೇ ಬಟ್ಟಲಿಗೆ ಹಸಿ ಚಿಕನ್ ಹಾಕಿದಿರಿ ಅಂದುಕೊಳ್ಳಿ. ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಕಿಬಲ್ ಅದನ್ನು ಹೀರಿ ಮೆತ್ತಗಾಗುತ್ತದೆ. ಮಧ್ಯಾಹ್ನದ 30 ಡಿಗ್ರಿ ಸೆಖೆಗೆ ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಕಲಸಿ ಕೊಡುವವರಿಗೆ ನಾನು ಹೇಳುವುದು ಇಷ್ಟು: ಅರ್ಧ ಗಂಟೆಯಲ್ಲಿ ತಿಂದಷ್ಟು ತಿನ್ನಲಿ, ಉಳಿದದ್ದು ಡಸ್ಟ್‌ಬಿನ್‌ಗೆ. ಬಟ್ಟಲು ಸ್ಟೀಲಿನದ್ದಿರಲಿ, ಪ್ರತಿ ಸಲ ಬಿಸಿನೀರು, ಸೋಪು. ಗೀರು ಬಿದ್ದ ಪ್ಲಾಸ್ಟಿಕ್ ಬಟ್ಟಲು ಬೇಡವೇ ಬೇಡ.

ಬಟ್ಟಲಲ್ಲಿ ಇನ್ನೊಂದು ಆಟ ನಡೆಯುತ್ತದೆ. ನಾಯಿ ಚಿಕನ್ ಆರಿಸಿ ತಿಂದು ಕಿಬಲ್ ಬಿಡುತ್ತದೆ. ಮನೆಯವರು ಪಾಪ ಅಂತ ಮಾರನೇ ದಿನ ಚಿಕನ್ ಸ್ವಲ್ಪ ಜಾಸ್ತಿ ಹಾಕುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಹೆಸರಿಗೆ ಮಾತ್ರ ಮಿಶ್ರ ಊಟ. ಹೊಟ್ಟೆಗೆ ಹೋಗುತ್ತಿರುವುದು ಬರೀ ಮಾಂಸ. ಇದರ ಪರಿಣಾಮಕ್ಕೆ ಆಮೇಲೆ ಬರುತ್ತೇನೆ.

ಈಗ ಅಂಗಡಿಗೆ. ಹಸಿ ಮಾಂಸದ ಪಥ್ಯ ಹೊರದೇಶದಿಂದ ಬಂದದ್ದು. ಅಲ್ಲಿ ನಾಯಿಗೆ ಅಂತಲೇ ತಯಾರಿಸಿ, ಫ್ರೀಜ್ ಮಾಡಿ, ಪ್ಯಾಕ್‌ನಲ್ಲಿ ಮಾರುತ್ತಾರೆ. ಅಂಥದ್ದರಲ್ಲೂ ಏನು ಸಿಕ್ಕಿತು ನೋಡಿ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 196 ಹಸಿ ಪೆಟ್ ಫುಡ್ ಮಾದರಿ ಪರೀಕ್ಷಿಸಿದಾಗ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಇತ್ತು, ಎರಡೂ ಕಾಯಿಲೆ ತರುವ ಬ್ಯಾಕ್ಟೀರಿಯಾ. ನಮ್ಮಲ್ಲೂ ಈಗ ಫ್ರೋಜನ್ ಪ್ಯಾಕ್ ಸಿಗುತ್ತದೆ, ಆದರೆ ಹೆಚ್ಚಿನವರು ತರುವುದು ಬೀದಿ ಕೊನೆಯ ಚಿಕನ್ ಸೆಂಟರ್‌ನಿಂದ. ಹುಣಸೆ ಮರದ ಕೊರಡು, ಬೆಳಗಿನಿಂದ ಅದೇ ಮಚ್ಚು, ಪಕ್ಕದಲ್ಲೇ ಕರುಳು ತುಂಬಿದ ಬಕೆಟ್. "ನಾಯಿಗೆ ಸಾರ್" ಅಂದರೆ ಆ ಬಕೆಟ್ ಕಡೆಗೇ ಕೈ ಹೋಗುತ್ತದೆ. ಆಮೇಲೆ ಕಪ್ಪು ಕವರ್, ಸ್ಕೂಟರ್ ಹ್ಯಾಂಡಲ್, ಟ್ರಾಫಿಕ್. ಅದೇ ಚಿಕನ್ ನಮಗೆ ಏನೂ ಮಾಡದೇ ಇರುವುದು ನಾವು ಚೆನ್ನಾಗಿ ಕುದಿಸುತ್ತೇವೆ ಅನ್ನುವ ಒಂದೇ ಕಾರಣಕ್ಕೆ.

"ನಮ್ಮ ನಾಯಿಗೆ ಏನೂ ಆಗಿಲ್ಲ" ಅನ್ನುತ್ತಾರೆ. ಆಗದೇ ಇರಬಹುದು. ಗಟ್ಟಿಮುಟ್ಟಾದ ನಾಯಿ ಸಾಲ್ಮೊನೆಲ್ಲಾ ನುಂಗಿಯೂ ಬಾಲ ಅಲ್ಲಾಡಿಸುತ್ತ ಓಡಾಡುತ್ತದೆ. ಅದರ ಮಲದಲ್ಲಿ ಮಾತ್ರ ಅದು ಹೊರಗೆ ಬರುತ್ತಿರುತ್ತದೆ. ಅದೇ ನಾಯಿ ಹಿಂಭಾಗ ನೆಕ್ಕಿಕೊಂಡು, ಮಗುವಿನ ಕೆನ್ನೆ ನೆಕ್ಕುತ್ತದೆ. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳು, ಬಸುರಿ, ವಯಸ್ಸಾದವರು, ಕೀಮೋ ತೆಗೆದುಕೊಳ್ಳುತ್ತಿರುವವರು ಇದ್ದರೆ ಹಸಿ ಮಾಂಸ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಅಲ್ಲಿ ಚರ್ಚೆಯೇ ಇಲ್ಲ. ನಾಯಿಗೇ ಗ್ಯಾಸ್ಟ್ರಿಕ್ ಅಂತ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನಡೆಯುತ್ತಿದ್ದರೂ ಬೇಡ. ಆಮ್ಲ ಅನ್ನುವ ಕಾವಲುಗಾರನನ್ನು ನಾವೇ ಮಲಗಿಸಿರುತ್ತೇವೆ.

ಕುರಿ, ಮೇಕೆ, ದನದ ಮಾಂಸಕ್ಕೆ ಬಂದರೆ ನನ್ನ ಹೆದರಿಕೆ ಇನ್ನೂ ಜಾಸ್ತಿ. ಅದಕ್ಕೆ ಕಾರಣ ಕೆಲವೇ ಮಿಲಿಮೀಟರ್ ಉದ್ದದ ಒಂದು ಲಾಡಿ ಹುಳು, ಎಕಿನೊಕಾಕಸ್. ಕುರಿಯ ಶ್ವಾಸಕೋಶದಲ್ಲೋ ಲಿವರ್‌ನಲ್ಲೋ ನೀರು ತುಂಬಿದ ಬಿಳಿ ಗುಳ್ಳೆ ಕಂಡರೆ ಕಟುಕರು ಅದನ್ನು ಕೊಯ್ದು ಪಕ್ಕಕ್ಕೆ ಎಸೆಯುತ್ತಾರೆ. ಅಲ್ಲೇ ಕಾದು ಕೂತ ನಾಯಿ ನುಂಗುತ್ತದೆ. ಗುಳ್ಳೆಯೊಳಗಿನ ಮರಿಗಳು ನಾಯಿಯ ಕರುಳಲ್ಲಿ ಹುಳುಗಳಾಗಿ ಬೆಳೆದು ಮೊಟ್ಟೆ ಹಾಕುತ್ತವೆ. ನಾಯಿಗೆ ಏನೂ ಗೊತ್ತಾಗುವುದಿಲ್ಲ. ಆ ಮೊಟ್ಟೆ ಕೂದಲಿಂದ, ಕೈಯಿಂದ ನಮ್ಮ ಬಾಯಿಗೆ ಹೋದರೆ ನಮ್ಮ ಲಿವರ್‌ನಲ್ಲಿ ಅಂಥದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ಆಪರೇಷನ್‌ವರೆಗೆ ಬಂದಿರುತ್ತದೆ. ಮಾಂಸದಂಗಡಿಯಲ್ಲಿ ಸಿಗುವ "ನಾಯಿ ಪೀಸು", ಅಂದರೆ ಬೋಟಿ, ಶ್ವಾಸಕೋಶದ ಚೂರು, ಲಿವರ್ ತುದಿ, ಇವನ್ನು ಹಸಿಯಾಗಿ ಯಾವ ಕಾರಣಕ್ಕೂ ಕೊಡಬೇಡಿ.

ಫ್ರೀಜರ್‌ನಲ್ಲಿ ಇಟ್ಟರೆ ಸರಿಹೋಗುತ್ತಾ? ಸರಿಯಾದ ಫ್ರೀಜರ್‌ನಲ್ಲಿ ಹಲವು ದಿನ ಕಲ್ಲಿನಂತೆ ಗಟ್ಟಿಯಾಗಿದ್ದರೆ ಈ ಗುಳ್ಳೆಗಳು ಸಾಯುತ್ತವೆ. ಸಾಲ್ಮೊನೆಲ್ಲಾ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ ಅಷ್ಟೇ. ದಿನಕ್ಕೆರಡು ಸಲ ಕರೆಂಟು ಹೋಗುವ ಕಡೆ, ಫ್ರಿಜ್ ಮೇಲಿನ ಪುಟ್ಟ ಖಾನೆಯನ್ನು ನಾನಂತೂ ನಂಬುವುದಿಲ್ಲ.

ಈಗ ಲೆಕ್ಕ. ಇದೇ ಎಲ್ಲಕ್ಕಿಂತ ಜಾಸ್ತಿ ಎಡವುವ ಜಾಗ. ಒಮ್ಮೆ ಒಬ್ಬ ಅಮ್ಮ ತಮ್ಮ ಲ್ಯಾಬ್ರಡಾರ್ ಕರೆತಂದರು. 30 ಕಿಲೋ ಇರಬೇಕಾದವನು 40 ದಾಟಿದ್ದ. "ಜಾಸ್ತಿ ಏನೂ ಹಾಕಲ್ಲ ಸಾರ್. ಬೆಳಿಗ್ಗೆ ಎರಡು ಲೋಟ, ರಾತ್ರಿ ಎರಡು ಲೋಟ. ಜೊತೆಗೆ ಸ್ವಲ್ಪ ಚಿಕನ್." ಆ ಲೋಟವನ್ನೇ ತನ್ನಿ ಅಂದೆ. ಮಾರನೇ ದಿನ ತಂದರು, ಮಜ್ಜಿಗೆ ಕುಡಿಯುವ ದೊಡ್ಡ ಸ್ಟೀಲ್ ಲೋಟ. ತಕ್ಕಡಿ ಮೇಲಿಟ್ಟು ಕಿಬಲ್ ತುಂಬಿದರೆ ಲೋಟಕ್ಕೆ 100 ಗ್ರಾಂ ಚಿಲ್ಲರೆ. ದಿನಕ್ಕೆ 400 ಗ್ರಾಂ ಮೇಲಾಯಿತು. 100 ಗ್ರಾಂ ಕಿಬಲ್‌ನಲ್ಲಿ 350ರಿಂದ 400 ಕಿಲೋಕ್ಯಾಲರಿ ಇರುತ್ತದೆ. 30 ಕಿಲೋ ಇರಬೇಕಾದ, ಮನೆಯಲ್ಲೇ ಮಲಗುವ ಲ್ಯಾಬ್‌ಗೆ ದಿನಕ್ಕೆ ಸುಮಾರು 1,250 ಸಾಕು. ಬರೀ ಕಿಬಲ್‌ನಲ್ಲೇ ಅದು ಮುಗಿದು ಮೇಲೆ ಹೋಗಿತ್ತು. "ಸ್ವಲ್ಪ ಚಿಕನ್" ಅಂದರೆ ಎಷ್ಟಮ್ಮಾ? "ಅರ್ಧ ಕೇಜಿ, ಚರ್ಮ ಸಮೇತ." ಅದರಲ್ಲಿ ಇನ್ನೊಂದು 1,000. ಅವನು ದಿನಾ ಇಬ್ಬರ ಊಟ ಮಾಡುತ್ತಿದ್ದ.

ಇದರ ಉಲ್ಟಾ ಮಾಡುವವರೂ ಇದ್ದಾರೆ. 100 ಗ್ರಾಂ ಕಿಬಲ್ ತೆಗೆದು 100 ಗ್ರಾಂ ಚಿಕನ್ ಹಾಕುತ್ತಾರೆ. ಚರ್ಮವಿಲ್ಲದ ಎದೆಮಾಂಸ 100 ಗ್ರಾಂಗೆ ಸುಮಾರು 120 ಕಿಲೋಕ್ಯಾಲರಿ ಅಷ್ಟೇ. ಮುಕ್ಕಾಲು ಪಾಲು ನೀರೇ. ನಾಯಿ ಬಡಕಲಾಗುತ್ತದೆ, ಕಸದ ಡಬ್ಬಿ ಕೆದಕುತ್ತದೆ. ಗ್ರಾಂಗೆ ಗ್ರಾಂ ಬದಲಾಯಿಸಬೇಡಿ. 10 ಕಿಲೋ ತೂಕದ ಒಂದು ನಾಟಿ ನಾಯಿಗೆ ದಿನಕ್ಕೆ ಸುಮಾರು 600 ಬೇಕು ಅಂದುಕೊಳ್ಳಿ. ಕಿಬಲ್ ಬಿಟ್ಟು ಮೇಲಿನಿಂದ ಕೊಡುವ ತಿನಿಸೆಲ್ಲ ಸೇರಿ ಇದರ ಹತ್ತನೇ ಒಂದು ಭಾಗ ಮೀರಬಾರದು ಅನ್ನುವುದು ವೆಟ್‌ಗಳ ಸಾಮಾನ್ಯ ನಿಯಮ. ಅಂದರೆ 50 ಗ್ರಾಂ ಎದೆಮಾಂಸ. ಅದಕ್ಕೆ ಬದಲಾಗಿ ತೆಗೆಯಬೇಕಾದ ಕಿಬಲ್ 16 ಗ್ರಾಂ, ಒಂದು ಚಿಕ್ಕ ಹಿಡಿ.

ಹತ್ತನೇ ಒಂದು ಭಾಗವೇ ಯಾಕೆ? ಎಲುಬಿಲ್ಲದ 100 ಗ್ರಾಂ ಚಿಕನ್‌ನಲ್ಲಿ ರಂಜಕ (ಫಾಸ್ಫರಸ್) ಸುಮಾರು 200 ಮಿಲಿಗ್ರಾಂ. ಕ್ಯಾಲ್ಸಿಯಂ 10–15 ಮಿಲಿಗ್ರಾಂ ಮಾತ್ರ. ನಾಯಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಕ್ಯಾಲ್ಸಿಯಂ ಕಡೇಪಕ್ಷ ರಂಜಕದಷ್ಟಾದರೂ ಇರಬೇಕು. ಒಳ್ಳೆಯ ಕಿಬಲ್‌ನಲ್ಲಿ ಈ ಲೆಕ್ಕ ಹೊಂದಿಸಿರುತ್ತಾರೆ. ಸ್ವಲ್ಪ ಮಾಂಸ ಬಿದ್ದರೆ ಅದು ಕೆಡುವುದಿಲ್ಲ. ಅರ್ಧಕ್ಕರ್ಧ ಆದರೆ ಕೆಡುತ್ತದೆ. ದೊಡ್ಡ ನಾಯಿ ಸ್ವಲ್ಪ ಕಾಲ ತಡೆದುಕೊಳ್ಳುತ್ತದೆ, ಮರಿ ತಡೆದುಕೊಳ್ಳುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ದೇಹ ಅದನ್ನು ಮೂಳೆಯಿಂದ ಕಿತ್ತು ತೆಗೆಯುತ್ತದೆ. ಬರೀ ಮಾಂಸದಲ್ಲಿ ಬೆಳೆದ ಜರ್ಮನ್ ಶೆಫರ್ಡ್ ಮರಿಗಳ ಎಕ್ಸ್‌ರೇಯಲ್ಲಿ ಮೂಳೆ ಎಲ್ಲಿ, ಮಾಂಸ ಎಲ್ಲಿ ಅಂತ ಹುಡುಕಬೇಕಾಗುತ್ತದೆ, ಅಷ್ಟು ತೆಳು. ಸೋಫಾದಿಂದ ಜಿಗಿದರೆ ಕಾಲು ಮುರಿಯುತ್ತದೆ. ಮನೆಯವರು "ಮಾಂಸ ತಿಂತಾನೆ, ಗಟ್ಟಿಯಾಗೇ ಇರ್ತಾನೆ ಅಂದ್ಕೊಂಡಿದ್ವಿ" ಅನ್ನುತ್ತಾರೆ.

ಇದನ್ನು ಓದಿ ಕ್ಯಾಲ್ಸಿಯಂ ಟಾನಿಕ್ ತರಲು ಓಡಬೇಡಿ. ಮರಿ ತಂದ ದಿನವೇ ಪೆಟ್ ಶಾಪ್‌ನವರು ಅದನ್ನು ಕೈಗಿಟ್ಟಿರುತ್ತಾರೆ. ಪಪ್ಪಿ ಕಿಬಲ್ ತಿನ್ನುವ ದೊಡ್ಡ ತಳಿಯ ಮರಿಗೆ ಮೇಲಿನಿಂದ ಟಾನಿಕ್ ಹಾಕಿದರೆ ಕ್ಯಾಲ್ಸಿಯಂ ಮಿತಿಮೀರುತ್ತದೆ, ಎಳೆ ಮರಿಗೆ ಬೇಡದ್ದನ್ನು ಹೀರಿಕೊಳ್ಳದೆ ಬಿಡುವ ಶಕ್ತಿ ಇರುವುದಿಲ್ಲ. ಆಗಲೂ ಮೂಳೆ ಸೊಟ್ಟಗಾಗುತ್ತದೆ. ಮರಿಗೆ ಒಂದು ವರ್ಷ ಆಗುವವರೆಗೆ, ದೊಡ್ಡ ತಳಿಗೆ ಇನ್ನೂ ಕೆಲವು ತಿಂಗಳು, ಇಂಥ ಪ್ರಯೋಗ ಬೇಡ.

ಎಲುಬಿನ ಬಗ್ಗೆ ಎರಡೇ ಮಾತು. ಬೆಂದ ಎಲುಬು ಚೂಪಾಗಿ ಸೀಳುತ್ತದೆ, ಕೊಡಲೇಬೇಡಿ. ಹಸಿ ಎಲುಬು ಅಷ್ಟು ಸೀಳದಿದ್ದರೂ ಹಲ್ಲು ಮುರಿಯುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಜಾಸ್ತಿಯಾದರೆ ಸುಣ್ಣದಂಥ ಬಿಳಿ ಮಲ, ತಿಣುಕುವಂಥ ಮಲಬದ್ಧತೆ. ಕೊಬ್ಬಿನ ಬಗ್ಗೆ ಹೇಳುವುದಾದರೆ, ಹಳೇ ಮೈಸೂರು ಕಡೆಯ ಯಾವ ವೆಟ್‌ನನ್ನಾದರೂ ಹೊಸತೊಡಕಿನ ಮಾರನೇ ದಿನ ಹೇಗಿರುತ್ತದೆ ಅಂತ ಕೇಳಿ. ಮಟನ್ ಕೊಬ್ಬು ತಿಂದು ವಾಂತಿ ಮಾಡುತ್ತ, ಬೆನ್ನು ಗೂನು ಮಾಡಿ ನಿಂತ ನಾಯಿಗಳದ್ದೇ ಸಾಲು. ಅದರಲ್ಲಿ ಒಂದಷ್ಟು ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ.

ನನ್ನನ್ನು ಕೇಳಿದರೆ, ಕಿಬಲ್ ಜೊತೆ ಮಾಂಸ ಕಲಸಿ, ಆದರೆ ಆ ಹತ್ತನೇ ಒಂದು ಭಾಗ ಮೀರದಂತೆ, ಬೇಯಿಸಿ. ಕುದಿಸಿದರೆ ಕೆಲವು ವಿಟಮಿನ್ ಕಡಿಮೆಯಾಗುತ್ತವೆ ನಿಜ, ಆ ಕೊರತೆಯನ್ನು ಪಕ್ಕದ ಕಿಬಲ್ ತುಂಬುತ್ತದೆ. ಮಿಶ್ರ ಊಟದ ದೊಡ್ಡ ಲಾಭವೇ ಅದು. ಚರ್ಮ ತೆಗೆದ, ಎಲುಬಿಲ್ಲದ ಚೂರುಗಳನ್ನು ಬರೀ ನೀರಲ್ಲಿ ಬೇಯಿಸಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಬೇಡ. ಬೇಯಿಸಿದ ನೀರು ಚೆಲ್ಲಬೇಡಿ, ಆರಿದ ಮೇಲೆ ಕಿಬಲ್ ಮೇಲೆ ಸುರಿಯಿರಿ. ನೀರು ಕಡಿಮೆ ಕುಡಿಯುವ ನಾಯಿಗೆ ಅದೂ ಒಳ್ಳೆಯದು. ಮಾಂಸವನ್ನು ಸಣ್ಣದಾಗಿ ಬಿಡಿಸಿ ಕಿಬಲ್‌ಗೆ ಸವರಿದಂತೆ ಕಲಸಿದರೆ ಆರಿಸಿ ತಿನ್ನುವ ಆಟವೂ ನಿಲ್ಲುತ್ತದೆ. ಹೊಸದಾಗಿ ಶುರು ಮಾಡುವವರು ಒಂದು ವಾರ, ಹತ್ತು ದಿನ ತೆಗೆದುಕೊಂಡು ನಿಧಾನವಾಗಿ ಏರಿಸಿ. ಮಲ ತೆಳುವಾದರೆ ಹಿಂದಿನ ಅಳತೆಗೆ ಇಳಿಯಿರಿ.

ಇಷ್ಟೆಲ್ಲ ಹೇಳಿದ ಮೇಲೂ ಹಸಿಯಾಗಿಯೇ ಕೊಡುತ್ತೇನೆ ಅನ್ನುವವರು ಇರುತ್ತಾರೆ, ಅವರನ್ನು ಬೈದು ಕಳಿಸುವುದಿಲ್ಲ. ಬೈದರೆ ಮುಂದಿನ ಸಲ ಸುಳ್ಳು ಹೇಳುತ್ತಾರೆ, ನಾಯಿಗೆ ಭೇದಿಯಾದಾಗ ನನಗೆ ಕಾರಣ ಸಿಗುವುದಿಲ್ಲ. ಅವರಿಗೆ ನಾನು ಬರೆದುಕೊಡುವುದು ಹುಳುವಿನ ಮಾತ್ರೆ. ಪೆಟ್ಟಿಗೆ ಮೇಲೆ ಪ್ರಾಜಿಕ್ವಾಂಟೆಲ್ ಅಂತ ಇದೆಯಾ ನೋಡಿ. ಎಲ್ಲ ಹುಳುವಿನ ಮಾತ್ರೆಯಲ್ಲೂ ಅದು ಇರುವುದಿಲ್ಲ, ಅದಿಲ್ಲದಿದ್ದರೆ ಎಕಿನೊಕಾಕಸ್‌ಗೆ ಲೆಕ್ಕಕ್ಕಿಲ್ಲ. ಆ ಹುಳು ನಾಯಿಯೊಳಗೆ ಮೊಟ್ಟೆ ಹಾಕಲು ಶುರು ಮಾಡುವುದಕ್ಕೆ ಆರು ವಾರ ಬೇಕು. ಕುರಿ, ಮೇಕೆ, ದನದ ಹಸಿ ಮಾಂಸ ತಿನ್ನುವ ನಾಯಿಗೆ ಮಾತ್ರೆಯೂ ಆರು ವಾರಕ್ಕೊಮ್ಮೆ, ಪ್ರಮಾಣ ಆ ದಿನದ ತೂಕ ನೋಡಿ.