ಬಾಡಿಗೆ ಮನೆಯಲ್ಲಿ ಕುಚ್ಚಿನ ದಾರ ಎಲ್ಲಿ ನೇತುಹಾಕೋದು?

ಪ್ರಶ್ನೆ: ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ. ದಾರ, ಮಣಿ, ಕ್ರೋಶಾ ಸೂಜಿ ಎಲ್ಲ ಒಂದೇ ಡಬ್ಬದಲ್ಲಿ ಬಿದ್ದು ಸಿಕ್ಕುಸಿಕ್ಕಾಗುತ್ತಿವೆ. ಗೋಡೆ ಖಾಲಿ ಇದೆ, ಆದರೆ ಮೊಳೆ ಹೊಡೆಯಬೇಡಿ ಅಂತ ಓನರ್ ಹೇಳಿದ್ದಾರೆ. ಅಂಟಿಸುವ ಹುಕ್ಕು ನಿಲ್ಲುತ್ತಿಲ್ಲ. ಏನು ಮಾಡಲಿ?

ಮೊದಲು ಬಿದ್ದ ಹುಕ್ಕನ್ನು ತಿರುಗಿಸಿ ಅದರ ಬೆನ್ನು ನೋಡಿ. ಬಿಳಿ ಪುಡಿಯೋ ಪೇಂಟಿನ ಹಕ್ಕಳೆಯೋ ಅಂಟಿಕೊಂಡಿದೆಯಾ? ಹಾಗಿದ್ದರೆ ತಪ್ಪು ಹುಕ್ಕಿನದಲ್ಲ, ಗೋಡೆಯದು. ಅಂಟು ಪೇಂಟನ್ನು ಗಟ್ಟಿಯಾಗಿ ಹಿಡಿದಿದೆ, ಪೇಂಟೇ ಗೋಡೆ ಬಿಟ್ಟು ಬಂದಿದೆ. ಬಾಡಿಗೆ ಮನೆಗೆ ಜಾಸ್ತಿ ಜನ ಹೊಡೆಸೋದು ಅಗ್ಗದ ಡಿಸ್ಟೆಂಪರ್. ಅಂಗೈಯಲ್ಲಿ ಉಜ್ಜಿದರೆ ಕೈ ಬೆಳ್ಳಗಾಗುತ್ತದೆ. ಅದರ ಮೇಲೆ ಎಷ್ಟು ದುಬಾರಿ ಹುಕ್ಕು ತಂದರೂ ಅಷ್ಟೇ. ಅದೇ ಹುಕ್ಕು ಟೈಲ್ಸ್ ಮೇಲೆ, ಗಾಜಿನ ಮೇಲೆ, ವಾರ್ಡ್‌ರೋಬಿನ ನುಣುಪು ಬಾಗಿಲ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಜಾಗ ಒರೆಸಿ, ಪೂರ್ತಿ ಒಣಗಿಸಿ, ಅಂಟಿಸಿ ಒಂದು ರಾತ್ರಿ ಸುಮ್ನೆ ಬಿಡಿ, ಆಮೇಲೆ ಭಾರ ಹಾಕಿ.

ಇನ್ನು ಗೋಡೆ ವಿಷಯ. ಹಳೇ ಮನೆಗಳಲ್ಲಿ ಗೋಡೆಯಲ್ಲೇ ಗೂಡು, ಗಿಳಿಗೂಟ ಇರುತ್ತಿದ್ದವು, ಈ ತಲೆಬಿಸಿಯೇ ಇರಲಿಲ್ಲ. ಈಗ ಮಾಡಬೇಕಾದ್ದು ಇಷ್ಟೇ: ಭಾರವನ್ನು ಗೋಡೆಗೆ ಹಾಕಬೇಡಿ, ಮೇಜಿನ ಮೇಲೆ ಹಾಕಿ. ಕಾರ್ಪೆಂಟರ್ ಹತ್ತಿರ ಉಳಿದಿರುವ 12 ಮಿಲಿಮೀಟರ್ ಪ್ಲೈವುಡ್ ತುಂಡು ಕೇಳಿ, 4 ಅಡಿಗೆ 2 ಅಡಿ ಇದ್ದರೆ ಧಾರಾಳವಾಯಿತು. ಅದನ್ನು ನೀವು ಕೆಲಸ ಮಾಡುವ ಮೇಜಿನ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸಿ. ಹಲಗೆಯೇ 5 ಕೆಜಿ ಆಸುಪಾಸು ತೂಗುತ್ತದೆ, ಆದರೆ ಆ ತೂಕವೆಲ್ಲ ಮೇಜಿನ ಮೇಲೆ ಕೂರುತ್ತದೆ. ಮುಂದಕ್ಕೆ ವಾಲದಂತೆ ಹಿಡಿಯೋಕೆ ಮೇಲೊಂದು ದಾರ ಕಟ್ಟಿದರೆ ಸಾಕು. ಅದಕ್ಕೆ ಹಿಂದಿನ ಬಾಡಿಗೆಯವರು ಕ್ಯಾಲೆಂಡರಿಗೆ ಹೊಡೆದ ಮೊಳೆ ಇದ್ದೇ ಇರುತ್ತದೆ, ಇಲ್ಲದಿದ್ದರೆ ಪಕ್ಕದ ಕಿಟಕಿ ಗ್ರಿಲ್ ಇದೆ. ಕೆಳಗೆ ಜಾರದ ಹಾಗೆ ಹಳೇ ರಬ್ಬರ್ ಮ್ಯಾಟಿನ ಒಂದು ಪಟ್ಟಿ ಹಾಕಿ.

ರೀಲುಗಳಿಗೆ ಹಲಗೆ ಮೇಲೆ ಮೊಳೆ ಹೊಡೆಯಿರಿ, ಇಲ್ಲಿ ಕೇಳುವವರು ಯಾರೂ ಇಲ್ಲ. ಮೊಳೆ ನೆಟ್ಟಗೆ ಬೇಡ, ಹೊರಗಿನ ತುದಿ ಸ್ವಲ್ಪ ಮೇಲಕ್ಕೆ ಮುಖ ಮಾಡಿರಲಿ. ನೆಟ್ಟಗಿದ್ದರೆ ದಾರ ಎಳೆಯುವಾಗ ರೀಲು ಜಾರಿ ಮಂಚದ ಕೆಳಗೆ ಹೋಗುತ್ತದೆ, ಆಮೇಲೆ ಹಸಿರು ದಾರದ ತುದಿ ಹುಡುಕುತ್ತಾ ಕೂರಬೇಕು. ರೀಲಿಗಿಂತ ಅರ್ಧ ಇಂಚು ಉದ್ದಕ್ಕೆ ಮೊಳೆ ಹೊರಗಿರಲಿ. ಮೊದಲು ಸಣ್ಣ ತೂತು ಕೊರೆದು ಆಮೇಲೆ ಹೊಡೆದರೆ ಪ್ಲೈ ಪದರ ಏಳುವುದಿಲ್ಲ. ದಾರದ ತುದಿಯನ್ನು ರೀಲಿನ ಅಂಚಿನಲ್ಲಿರುವ ಸಣ್ಣ ಸೀಳಿಗೆ ಸಿಕ್ಕಿಸುವುದನ್ನು ಮರೆಯಬೇಡಿ. ಫ್ಯಾನ್ ಹಾಕಿದ ಕೋಣೆಯಲ್ಲಿ ಬಿಟ್ಟ ಎಳೆಗಳು ಪಕ್ಕದ ರೀಲಿಗೆ ಸುತ್ತಿಕೊಂಡರೆ ನಿಮ್ಮ ಡಬ್ಬದ ಕಥೆಯೇ ಗೋಡೆ ಮೇಲೂ.

ಪೆಗ್‌ಬೋರ್ಡ್, ಅಂದರೆ ಕೊಕ್ಕೆ ಸಿಕ್ಕಿಸೋಕೆ ಸಾಲಾಗಿ ತೂತಿರುವ ಹಲಗೆ, ತರಬಹುದಾ? ತರಬಹುದು, ಆದರೆ ಅದರ ಕೊಕ್ಕೆ ತೂತಿನ ಹಿಂದಕ್ಕೆ ಮಡಿಚಿಕೊಂಡು ಹಿಡಿಯುವಂಥದ್ದು. ಹಿಂದೆ ಅರ್ಧ ಇಂಚಾದರೂ ಖಾಲಿ ಜಾಗ ಇರಬೇಕು, ಹಾಗಾಗಿ ಬೆನ್ನಿಗೆ ಎರಡು ಮರದ ಪಟ್ಟಿ ಹೊಡೆಸಬೇಕಾಗುತ್ತದೆ. ಬರೀ ರೀಲಿಗೆ ಅಷ್ಟು ಖರ್ಚು ದಂಡ ಅಂತ ನನಗನಿಸುತ್ತದೆ.

ಹಲಗೆ ಎಲ್ಲಿಡಬೇಕು ಅನ್ನೋದು ಇದಕ್ಕಿಂತ ಮುಖ್ಯ. ಕಿಟಕಿಯ ಎದುರು ಗೋಡೆ ಬೇಡ, ಕಿಟಕಿಯ ಪಕ್ಕದ ಗೋಡೆ ಬೇಕು. ಬಿಸಿಲು ನೇರವಾಗಿ ಬಿದ್ದರೆ ರೇಷ್ಮೆ ದಾರದ ಬಣ್ಣ ಮಾಸುತ್ತದೆ, ಅದೂ ಹೊರಗಿನ ಸುತ್ತು ಮಾತ್ರ. ಹೊಸ ಸೀರೆಗೆ ಕಟ್ಟುವಾಗ ಅರ್ಧ ಕುಚ್ಚು ಒಂದು ಬಣ್ಣ, ಇನ್ನರ್ಧ ಇನ್ನೊಂದು ಬಣ್ಣ ಬಂದು ಗ್ರಾಹಕರ ಕೈಯಲ್ಲಿ ಮಾತು ಕೇಳಬೇಕಾಗುತ್ತದೆ. ಹಾಗಂತ ಕತ್ತಲ ಮೂಲೆಗೂ ತಳ್ಳಬೇಡಿ. ಟ್ಯೂಬ್‌ಲೈಟಿನಲ್ಲಿ ಸೆರಗಿಗೆ ಸರಿಹೊಂದಿದ ಮೆರೂನ್ ಹಗಲಲ್ಲಿ ಬೇರೆಯೇ ಕಾಣುವುದುಂಟು, ಕಿಟಕಿ ಹತ್ತಿರವಿದ್ದರೆ ಅಲ್ಲೇ ಹಿಡಿದು ನೋಡಬಹುದು. ಹಲಗೆಗೆ ಬಿಳಿ ಅಥವಾ ತಿಳಿ ಬೂದು ಬಣ್ಣ ಬಳಿಯಿರಿ. ಗುಲಾಬಿ, ಹಳದಿ ಹಿನ್ನೆಲೆ ಚೆನ್ನಾಗಿ ಕಾಣಬಹುದು, ಆದರೆ ದಾರದ ಬಣ್ಣ ಗುರುತಿಸೋಕೆ ಕಣ್ಣಿಗೆ ಮೋಸ. ಬಚ್ಚಲುಮನೆಗೆ ಅಂಟಿದ ಗೋಡೆಯೂ ಬೇಡ, ಪೇಂಟು ಅಲ್ಲಲ್ಲಿ ಉಬ್ಬಿದ್ದರೆ ಅಲ್ಲಿ ತೇವ ಇದೆ ಅಂತಲೇ ಲೆಕ್ಕ. ಮಲೆನಾಡು, ಕರಾವಳಿ ಕಡೆಯವರಾದರೆ ಮಳೆಗಾಲದಲ್ಲಿ ಹೊರಗೋಡೆ ಪೂರ್ತಿ ಬಿಟ್ಟು ಒಳಗೋಡೆಗೇ ಒರಗಿಸಿ.

ಧೂಳಿಗೆ ಹಳೇ ಕಾಟನ್ ಸೀರೆಯ ತುಂಡೊಂದನ್ನು ಮೇಲಿಂದ ಇಳಿಬಿಡಿ, ಕೆಲಸ ಮುಗಿದ ಮೇಲೆ ಪರದೆ ಹಾಗೆ ಎಳೆದುಕೊಳ್ಳಬಹುದು. ಹಲ್ಲಿ ಕಾಟಕ್ಕೂ ಅದೇ ಮದ್ದು.

ಎಲ್ಲವನ್ನೂ ನೇತುಹಾಕುವ ಆಸೆಯಾಗುತ್ತದೆ, ಬೇಡ. ಮಣಿ ಕಾಣೋದು ಸಣ್ಣದು, ತೂಕ ಜಾಸ್ತಿ, ಅದು ಮೇಜಿನ ಮೇಲೆ ಪಾರದರ್ಶಕ ಡಬ್ಬಿಯಲ್ಲೇ ಇರಲಿ. ಜರಿ ದಾರವನ್ನಂತೂ ಗೋಡೆಗೆ ಹಾಕಲೇಬೇಡಿ. ಗಾಳಿ, ತೇವ ತಾಗಿ ಕಪ್ಪಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಕ್ಕೆ ಹಾಕಿ. ಕ್ರೋಶಾ ಸೂಜಿಗಳಿಗೆ ಹಳೇ ಜೀನ್ಸಿನ ಜೇಬು ಕತ್ತರಿಸಿ ಹಲಗೆಗೆ ಹೊಡೆದರೆ ಸಾಕು. ಕತ್ತರಿ ಮಾತ್ರ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಹಲಗೆಯ ತೀರಾ ಮೇಲಿನ ಸಾಲಿಗೆ ಹೋಗಬೇಕು. ಮಕ್ಕಳು ಕುರ್ಚಿ ಎಳೆದು ಹತ್ತುವ ವಯಸ್ಸಾಗಿದ್ದರೆ ಅಲ್ಲೂ ಬೇಡ, ಬೀರುವಿನೊಳಗೆ ಇಡಿ.