ಪಾಟಾ ಹ್ಯಾಂಗರ್‌ಗೆ ತುಕ್ಕು: ಮೇಲೊಂದು ಪ್ಲೇಟ್ ಹೊಡೆಸಿದರೆ ಸಾಕಾ?

ಪ್ರಶ್ನೆ: ನನ್ನದು ಹಳೇ ಪಿಕಪ್. ತೊಗರಿ, ಗೊಬ್ಬರ, ಸಿಮೆಂಟ್ ಏನು ಸಿಕ್ಕರೆ ಅದು ಹೊಡೆಯುತ್ತೇನೆ. ಹಿಂದಿನ ಪಾಟಾ (ಲೀಫ್ ಸ್ಪ್ರಿಂಗ್, ಲೋಡ್ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು) ಚಾಸಿಗೆ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಸೇರುವ ಹ್ಯಾಂಗರ್ ಹತ್ತಿರ ತುಕ್ಕು ಪದರ ಪದರವಾಗಿ ಉದುರುತ್ತಿದೆ. ಮೇಲೊಂದು ಪ್ಲೇಟ್ ಹಾಕಿ ವೆಲ್ಡಿಂಗ್ ಮಾಡಿದರೆ ಮೊದಲಿಗಿಂತ ಗಟ್ಟಿ ಆಗುತ್ತದೆ ಅನ್ನುತ್ತಾರೆ. ಮಾಡಿಸಲಾ? (ಸೇಡಂ ಕಡೆಯ ಓದುಗರು)

ಬೇಡ. ತುಕ್ಕು ತಿಂದ ಭಾಗವನ್ನು ಮೊದಲು ಕತ್ತರಿಸಿ ತೆಗೆಯುವುದಾದರೆ ಮಾತ್ರ ಪ್ಲೇಟಿನ ಮಾತು. ತುಕ್ಕಿನ ಮೇಲೆ ಪ್ಲೇಟ್ ಬೇಡವೇ ಬೇಡ.

ಮಳೆಗಾಲ ಮುಗಿದು ತೊಗರಿ ರಾಶಿ ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ನಾನೂ ಪ್ರತಿ ವರ್ಷ ಇದೇ ಉತ್ತರ ಕೊಡುತ್ತೇನೆ. ಆದರೂ ಗಂಜ್ (ಧಾನ್ಯದ ಮಾರುಕಟ್ಟೆ) ಕಡೆ ಹೋದರೆ ಸಾಲಾಗಿ ನಿಂತ ಗಾಡಿಗಳ ಕೆಳಗೆ ಅದೇ ಪ್ಲೇಟ್‌ಗಳು. ಹಾಗಾಗಿ ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಹ್ಯಾಂಗರ್ ಕೆಲಸ ಏನು ಅಂತ ನೋಡಿ. ಪಾಟಾ ಇರೋದು ಲೋಡ್ ಹೊರೋಕೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಪಿಕಪ್‌ನಲ್ಲಿ ಹಿಂದಿನ ಆಕ್ಸೆಲ್ ಜಾಗ ಬಿಟ್ಟು ಕದಲದಂತೆ ಹಿಡಿದಿಡುವುದೂ ಅದೇ ಪಾಟಾ. ನೀವು ಬ್ರೇಕ್ ಒತ್ತಿದಾಗ, ಗೇರ್ ಹಾಕಿ ಎಳೆದಾಗ, ಆ ತಳ್ಳಾಟ ಎಲ್ಲ ಪಾಟಾದ ಮುಂದಿನ ಕಣ್ಣನ್ನು (ತುದಿಯ ಸುರುಳಿ ತೂತು) ಹಿಡಿದ ಹ್ಯಾಂಗರ್ ಮೂಲಕ ಚಾಸಿಗೆ ಹೋಗುತ್ತದೆ. ಹಿಂದಿನ ಕಡೆ ಇರೋದು ಶ್ಯಾಕಲ್, ಅಂದರೆ ಓಲಾಡುವ ಕೊಂಡಿ. ಲೋಡ್ ಬಿದ್ದಾಗ ಪಾಟಾ ಚಪ್ಪಟೆಯಾಗಿ ಉದ್ದ ಆಗುತ್ತದಲ್ಲ, ಅದಕ್ಕೆ ಆ ಶ್ಯಾಕಲ್ ಓಲಾಡಿ ಜಾಗ ಕೊಡುತ್ತದೆ. ಮುಂದಿನ ಹ್ಯಾಂಗರ್ ಕಿತ್ತರೆ ಒಂದು ಕಡೆಯ ಚಕ್ರ ಜಾಗ ಬಿಟ್ಟು ಸರಿಯುತ್ತದೆ, ಬ್ರೇಕ್ ಪೈಪ್ ಎಳೆದು ಹರಿಯಬಹುದು. ಹುಮನಾಬಾದ್ ರಸ್ತೆಯಲ್ಲಿ ತುಂಬಿದ ಗಾಡಿಗೆ ಹೀಗಾದರೆ ಸ್ಟೇರಿಂಗ್ ಹಿಡಿದವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಈಗ "ಮೊದಲಿಗಿಂತ ಗಟ್ಟಿ" ಅನ್ನುವ ಮಾತಿಗೆ ಬರೋಣ. ಬೀದರ್‌ನಿಂದ ಯಾದಗಿರಿವರೆಗೆ ಎಲ್ಲಿ ಹೋದರೂ ಇದೇ ಮಾತು. "ಏನೂ ಆಗಲ್ಲ ಬಿಡ್ರಿ ಸರ, ಮ್ಯಾಲ ಒಂದ್ ಪಟ್ಟಿ ಹಚ್ಚಿ ವೆಲ್ಡಿಂಗ್ ಹೊಡೀರಿ, ಎರಡು ವರ್ಷ ನಡೀತದ." ಕಬ್ಬಿಣ ದಪ್ಪ ಆದರೆ ಗಟ್ಟಿ, ಕೇಳೋಕೆ ಸರಿ ಅನಿಸುತ್ತದೆ. ಆದರೆ ಆ ಪ್ಲೇಟ್ ನಿಂತಿರೋದು ಅಂಚಿನ ವೆಲ್ಡಿಂಗ್ ಮೇಲೆ. ವೆಲ್ಡಿಂಗ್ ಹಿಡಿದಿರೋದು ಯಾವುದನ್ನು? ಅದೇ ತುಕ್ಕು ತಿಂದ ಹಳೇ ತಗಡನ್ನು. ಹುಳ ತಿಂದ ತೊಲೆಗೆ ಹೊಸ ಹಲಗೆ ಬಡಿದ ಹಾಗೆ ಇದು. ಹಲಗೆ ಎಷ್ಟೇ ಚೆನ್ನಾಗಿರಲಿ, ಮೊಳೆ ಹೋಗಿ ಕೂರೋದು ಹುಳ ತಿಂದ ಕಟ್ಟಿಗೆಯಲ್ಲೇ.

ಲೆಕ್ಕ ಹಾಕಿ. ತಗಡು 3 ಮಿ.ಮೀ. ದಪ್ಪ ಇತ್ತು ಅಂದುಕೊಳ್ಳಿ. ಒಳಗಿಂದ ಅರ್ಧ, ಹೊರಗಿಂದ ಅರ್ಧ ಮಿ.ಮೀ. ತುಕ್ಕು ತಿಂದರೆ ಮೂರರಲ್ಲಿ ಒಂದು ಪಾಲು ಹೋಯಿತು. ಇಷ್ಟು ತೆಳ್ಳಗಾದ ತಗಡಿಗೆ ವೆಲ್ಡಿಂಗ್ ಆರ್ಕ್ ಹಚ್ಚಿದರೆ ಸುಟ್ಟು ತೂತು ಬೀಳಬಹುದು. ಮೇಲಾಗಿ ತುಕ್ಕು ಅಂದರೆ ಕಬ್ಬಿಣದ ಜೊತೆ ಗಾಳಿಯ ಆಮ್ಲಜನಕ, ನೀರು ಸೇರಿ ಆದ ಪುಡಿ. ಅದಕ್ಕೆ ಆರ್ಕ್ ತಗುಲಿದಾಗ ಅನಿಲ ಏಳುತ್ತದೆ, ಗುಳ್ಳೆಗಳು ವೆಲ್ಡಿಂಗ್ ಒಳಗೇ ಸಿಕ್ಕಿಕೊಳ್ಳುತ್ತವೆ. ಮೇಲಿಂದ ಗೆರೆ ಚೆಂದ, ಒಳಗೆ ತೂತು ತೂತು.

ಇನ್ನೂ ಕೆಟ್ಟದ್ದು ಎರಡು ಪದರದ ನಡುವೆ ನಡೆಯುತ್ತದೆ. ಆ ಸಂದಿ ನೀರನ್ನು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಅಲ್ಲಿ ಗಾಳಿ ಆಡಲ್ಲ, ಬೇಗ ಒಣಗಲ್ಲ. ತುಕ್ಕು ಬೆಳೆಯುತ್ತಲೇ ಇರುತ್ತದೆ. ಕಬ್ಬಿಣಕ್ಕಿಂತ ಅದರ ತುಕ್ಕಿಗೆ ಹಲವು ಪಟ್ಟು ಜಾಸ್ತಿ ಜಾಗ ಬೇಕು, ಹಾಗಾಗಿ ಅದು ಪ್ಲೇಟನ್ನೇ ಹೊರಗೆ ತಳ್ಳುತ್ತದೆ. ನಡುವೆ ಉಬ್ಬಿದ ಪ್ಲೇಟ್ ನೀವೂ ನೋಡಿರುತ್ತೀರಿ, ಅಲ್ವಾ? ಅಂಥದ್ದೊಂದು ಗಾಡಿ ನಮ್ಮ ಗ್ಯಾರೇಜಿಗೆ ಬಂದಿತ್ತು. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಅಂತ ಪ್ಲೇಟಿನ ಮೇಲೆ ಕರಿ ಬಣ್ಣ ಮಿರಮಿರ ಹೊಳೆಯುತ್ತಿತ್ತು. ಅಂಚಿನ ವೆಲ್ಡಿಂಗನ್ನು ಗ್ರೈಂಡರ್‌ನಲ್ಲಿ ತೆಗೆದು, ಉಳಿ ಹಾಕಿ ಎತ್ತಿದೆವು. ಒಳಗಿಂದ ಬೊಗಸೆ ತುಂಬ ಕೆಂಪು ಚೂರು ಉದುರಿತು, ಜೊತೆಗೆ ಇನ್ನೂ ಒದ್ದೆ ಇದ್ದ ಎರೆಮಣ್ಣು. ಹಳೇ ತಗಡಿನಲ್ಲಿ ನನ್ನ ಹೆಬ್ಬೆರಳು ಆಚೆ ಬಂತು. ಡ್ರೈವರ್ ಅಲ್ಲೇ ಕೂತುಬಿಟ್ಟರು. ಆ ಗಾಡಿಯಲ್ಲಿ ಅವರು ಹಿಂದಿನ ದಿನವಷ್ಟೇ ಗೊಬ್ಬರ ಹೊಡೆದಿದ್ದರು.

ಚಾಸಿ ಸ್ವಲ್ಪ ಬಾಗುತ್ತ, ತಿರುಚುತ್ತ ಓಡುವ ವಸ್ತು. ಒಂದು ಕಡೆ ಪ್ಲೇಟ್ ಹಾಕಿ ಬಿಗಿ ಮಾಡಿದರೆ ಬಾಗುವ ಕೆಲಸ ಎಲ್ಲ ಪ್ಲೇಟಿನ ಅಂಚಿಗೆ ಬರುತ್ತದೆ. ಅಲ್ಲಿ ಮೇಲಿಂದ ಕೆಳಕ್ಕೆ ನೆಟ್ಟಗೆ ವೆಲ್ಡಿಂಗ್ ಗೆರೆ ಇದ್ದರೆ ಅದರ ಪಕ್ಕದಲ್ಲೇ ಕ್ರ್ಯಾಕ್ ಶುರು.

"ನಮ್ಮಲ್ಲಿ ಸಮುದ್ರ ಇಲ್ಲ, ಇಷ್ಟು ಬಿಸಿಲು, ತುಕ್ಕು ಎಲ್ಲಿಂದ" ಅಂತಲೂ ಕೇಳುತ್ತಾರೆ. ನೀವು ಹೊಡೆಯುವ ಪೊಟ್ಯಾಷ್ ಚೀಲದಲ್ಲಿ ಇರೋದು ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಚೀಲದಿಂದ ಉದುರಿದ ಕಾಳು ಡಾಲಾದ (ಸಾಮಾನು ತುಂಬುವ ತೊಟ್ಟಿ) ಸಂದಿಯಿಂದ ಇಳಿದು ಚಾಸಿ ಮೇಲೆ ಕೂರುತ್ತದೆ. ಅದರ ಮೇಲೆ ಎರೆಮಣ್ಣು ಮೆತ್ತಿಕೊಂಡು ನೀರು ಹಿಡಿದಿಡುತ್ತದೆ. ಗೊಬ್ಬರ ಇಳಿಸಿದ ದಿನವೇ ಕೆಳಗೂ ನೀರು ಹೊಡೆಯಿರಿ, ಚಾಸಿಯ ನೀರು ಇಳಿಯುವ ತೂತುಗಳನ್ನು ತಂತಿ ಹಾಕಿ ಬಿಡಿಸಿ. ತುಕ್ಕು ತಡೆಯಲು ಸುಟ್ಟ ಆಯಿಲ್ ಬಳಿಯುವುದು ಮಾತ್ರ ಬೇಡ. ಅದು ಪಾಟಾ ಕಣ್ಣಿನೊಳಗಿನ ರಬ್ಬರ್ ಬುಷ್ ಕೆಡಿಸುತ್ತದೆ, ಕ್ರ್ಯಾಕ್ ಮುಚ್ಚಿಡುತ್ತದೆ.

ತಪಾಸಣೆ ಕಷ್ಟ ಅಲ್ಲ. ಗಾಡಿ ತೊಳೆದು, ಒಣಗಿಸಿ, ಸಮ ನೆಲದ ಮೇಲೆ ನಿಲ್ಲಿಸಿ. ಎರಡೂ ಕಡೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪ್ ಹಿಡಿಯಿರಿ. ಸ್ಟೇರಿಂಗ್ ನೆಟ್ಟಗಿರಲಿ. ಎಡಬಲ ಅಳತೆಯಲ್ಲಿ ವ್ಯತ್ಯಾಸ ಕಂಡರೆ ಆಕ್ಸೆಲ್ ಸರಿದಿರಬಹುದು. ಆಮೇಲೆ ಗಾಡಿ ಎತ್ತಿ, ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಶಹಾಬಾದ್ ಪರ್ಸಿ (ಹಾಸುಗಲ್ಲು) ಜೋಡಿಸಿ ಅದರ ಮೇಲೆ ಗಾಡಿ ನಿಲ್ಲಿಸುವವರನ್ನು ನೋಡಿದರೆ ನನಗೆ ಎದೆ ನಡುಗುತ್ತದೆ. ಅದು ಪದರದ ಕಲ್ಲು, ಹೇಳದೆ ಕೇಳದೆ ಒಡೆಯುತ್ತದೆ.

ಕೆಳಗೆ ಹೋದ ಮೇಲೆ ಸಣ್ಣ ಸುತ್ತಿಗೆಯಿಂದ ಹ್ಯಾಂಗರ್ ಸುತ್ತ ತಟ್ಟುತ್ತ ಬನ್ನಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತಿಂದು ಹೋದದ್ದು ದಬ್ ಅನ್ನುತ್ತದೆ. ನಮ್ಮ ಹುಡುಗರು ಈಗ ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ, ಅದು ನನಗೆ ಹೆಮ್ಮೆ. ದಬ್ ಅಂದ ಕಡೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ರಿವೆಟ್ ಅಥವಾ ಬೋಲ್ಟ್ ತಲೆಯ ಸುತ್ತ ಕೆಂಪು ಪುಡಿ ಗೆರೆಯಾಗಿ ಇಳಿದಿದ್ದರೆ ಆ ಜೋಡಣೆ ಒಳಗೇ ಅಲುಗಾಡುತ್ತಿದೆ ಅಂತ ಅರ್ಥ.

ಮೇಲ್ಮೈ ತುಕ್ಕು ಮಾತ್ರ ಇದ್ದರೆ ವೈರ್ ಬ್ರಷ್, ಪ್ರೈಮರ್, ಬಣ್ಣ ಸಾಕು. ಹ್ಯಾಂಗರ್ ಕೆಟ್ಟು ಚಾಸಿ ಚೆನ್ನಾಗಿದ್ದರೆ ಹೊಸ ಹ್ಯಾಂಗರ್ ತನ್ನಿ. ಹಳೇ ರಿವೆಟ್ ಇದ್ದರೆ ತೆಗೆದು, ತೂತಿಗೆ ಸರಿಯಾಗಿ ಕೂರುವ 10.9 ಗ್ರೇಡ್ (ಹೆಚ್ಚು ಬಲದ) ಬೋಲ್ಟ್ ಮತ್ತು ಲಾಕ್ ನಟ್ ಹಾಕಿಸಿ. ಚಾಸಿಯೇ ತೂತಾಗಿದ್ದರೆ ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸಬೇಕು, ಅಷ್ಟೇ ದಪ್ಪದ ತುಂಡು ಕೂರಿಸಬೇಕು, ಒಣಗಿದ 7018 ರಾಡ್‌ನಲ್ಲಿ ವೆಲ್ಡಿಂಗ್ ಆಗಬೇಕು. ಮೇಲೆ ಬಲಕ್ಕೆ ಪಟ್ಟಿ ಬೇಕಾದರೆ ಅದರ ಅಂಚು ಓರೆಯಾಗಿರಲಿ. ಇದು ಚಾಸಿ ಕೆಲಸ ಬಲ್ಲವರ ಕೆಲಸ. ಬ್ಯಾಟರಿ ವೈರ್ ಬಿಚ್ಚಿಸಿ, ಡೀಸೆಲ್ ಟ್ಯಾಂಕ್ ಮತ್ತು ಬ್ರೇಕ್ ಪೈಪ್ ದೂರ ಸರಿಸಿ. ಪಾಟಾಕ್ಕೆ ಮಾತ್ರ ಎಂದೂ ವೆಲ್ಡಿಂಗ್ ತಾಗಬಾರದು, ಹದ ಹೋಗಿ ತುಂಡಾಗುತ್ತದೆ. ರಬ್ಬರ್ ಬುಷ್ ಇದ್ದರೆ ಅದರ ಬೋಲ್ಟನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಮಾಡಿ. ಗಾಳಿಯಲ್ಲಿ ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ನೀವು ಕೇಳಲಿಲ್ಲ, ಆದರೆ ಹೇಳಲೇಬೇಕು. ಹ್ಯಾಂಗರ್ ಬಿಚ್ಚಿದಾಗ "ಹೆಂಗೂ ಬಿಚ್ಚೀವಿ, ಇನ್ನೊಂದು ಪಾಟಾ ಜಾಸ್ತಿ ಹಾಕೋಣ" ಅಂತ ಯಾರಾದರೂ ಅನ್ನುತ್ತಾರೆ. ಒಪ್ಪಬೇಡಿ. ಪಾಟಾ ಹೆಚ್ಚಾದರೆ ಗಾಡಿ ಕೂರುವುದು ಕಡಿಮೆ ಆಗುತ್ತದೆ, ಅಷ್ಟೇ. ಆಕ್ಸೆಲ್, ಬೇರಿಂಗ್, ಬ್ರೇಕ್, ಟೈರ್ ಎಲ್ಲ ಹಳೇ ಅಳತೆಯವೇ. ಪಾಟಾ ಬಾಗದೆ ಹೋದರೆ ಗುಂಡಿಯ ಏಟು ನೇರ ಹ್ಯಾಂಗರ್‌ಗೆ ಬೀಳುತ್ತದೆ, ಅದರಲ್ಲೂ ಖಾಲಿ ಗಾಡಿ ವಾಪಸ್ ಬರುವಾಗ. ಪಾಟಾ ನಿಜಕ್ಕೂ ಕುಗ್ಗಿದ್ದರೆ ಎರಡೂ ಕಡೆ ಒಟ್ಟಿಗೆ ಕಂಪನಿ ಅಳತೆಯ ಹೊಸ ಸೆಟ್ ಹಾಕಿಸಿ. ಪಾಟಾವನ್ನು ಆಕ್ಸೆಲ್‌ಗೆ ಬಿಗಿಯುವ ಯು-ಬೋಲ್ಟ್ ಕೂಡ ಹೊಸದೇ ಇರಲಿ, ಮೊದಲ ಲೋಡ್ ಇಳಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ.